ಟವಲಿನ ಕೆಳಗಿನ ಕೈ ಯಾರದು?

ಕಳೆದ ದೀಪಾವಳಿಯ ರಜೆ ಮುಗಿದು ಸಂಘದ ಕಚೇರಿಯ ಬಾಗಿಲು ತೆರೆದ ದಿನ ನಡೆದ ಒಂದು ಪ್ರಸಂಗವನ್ನು ಸದಸ್ಯ ಬಾಂಧವರ ಮುಂದಿಡಬೇಕಾಗಿದೆ. ಅದರಲ್ಲಿ ತಪ್ಪು ನಮ್ಮದೇ ಆದ್ದರಿಂದ ಮುಚ್ಚಿಡುವುದು ಸುಲಭವಿತ್ತು. ಆದರೆ ಕಾರ್ಯದರ್ಶಿಯಾದವನು ತನ್ನ ತಪ್ಪನ್ನು ವಾರ್ಷಿಕ ವರದಿಯ ಕೊನೆಯ ಪುಟದ ಸಣ್ಣ ಅಕ್ಷರಗಳಿಗೆ ತಳ್ಳುವುದು ಸಹಕಾರಕ್ಕೆ ಶೋಭೆ ತರುವ ಕೆಲಸವಲ್ಲ.

ಮುರುಗಮಲ್ಲದ ಸಮೀಪದ ಹಿರಿಯ ಸದಸ್ಯರೊಬ್ಬರು ತಮ್ಮ ಬೆಳೆಸಾಲದ ಬಾಕಿ ಎಷ್ಟಿದೆಯೆಂದು ನೋಡಲು ಸಂಘದ ಜಾಲತಾಣವನ್ನು ಮೊಬೈಲಿನಲ್ಲಿ ತೆರೆದಿದ್ದರು. ಬಾಕಿಯ ಪುಟ ಬರುವ ಬದಲು ಕೆಂಪು ಗುರುತಿನೊಡನೆ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬಂತು. ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ, ನಡುವೆ ಯಾರಾದರೂ ನಿಮ್ಮ ಗುಟ್ಟುಗಳನ್ನು ಕದಿಯಬಹುದು ಎಂಬುದು ಅದರ ತಾತ್ಪರ್ಯ. ಅವರು ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಮಾತಾಡುವವರು. ಇಂಗ್ಲಿಷ್ ಓದಲು ಬಾರದು. ಆದರೂ ಕೆಂಪು ಬಣ್ಣ ಕಂಡು ಅನುಮಾನಪಟ್ಟು, ಬಸ್ಸು ಹತ್ತಿ ನೇರವಾಗಿ ಕಚೇರಿಗೆ ಬಂದರು. ನಮ್ಮ ಗುಮಾಸ್ತರು ಅವರ ಕೈಯಿಂದ ಮೊಬೈಲ್ ತೆಗೆದುಕೊಂಡು, "ಏನೂ ಆಗಲ್ಲ ಬಿಡಿ ಯಜಮಾನ್ರೇ, ಕೆಳಗಡೆ ಅಡ್ವಾನ್ಸ್‌ಡ್ ಅಂತ ಐತೆ ನೋಡಿ, ಅದನ್ನ ಒತ್ತಿ ಮುಂದಕ್ಕೋಗಿ" ಎಂದರು. ಒತ್ತಿದರು. ಪುಟ ತೆರೆಯಿತು. ಇಬ್ಬರಿಗೂ ಸಮಾಧಾನವಾಯಿತು. ಆ ವಾರ ಕಚೇರಿಗೆ ಬಂದ ಮತ್ತು ದೂರವಾಣಿ ಮಾಡಿದ ಇನ್ನೂ ಅನೇಕರಿಗೆ ಇದೇ ಪಾಠ ಹೇಳಲಾಯಿತು.

ಆಗಿದ್ದು ಇಷ್ಟು: ನಮ್ಮ ಜಾಲತಾಣದ ಪ್ರಮಾಣಪತ್ರದ ಅವಧಿ ಹಬ್ಬದ ರಜೆಯಲ್ಲಿ ಮುಗಿದಿತ್ತು. ನವೀಕರಿಸಿ ಎಂಬ ಇ-ಮೇಲ್ ಮೂರು ಬಾರಿ ಬಂದಿತ್ತು. ಮೂರೂ ಬಂದದ್ದು ನಮ್ಮ ವಿಳಾಸಕ್ಕೆ, ಮೂರನ್ನೂ ನಾವು ತೆರೆದಿರಲಿಲ್ಲ. ಅಡಿಕೆ ಕೊಯ್ಲಿನ ದಿನಗಳು ಎಂಬ ಸಬೂಬು ನಮ್ಮ ಬಳಿ ಇದೆ. ಇರಲಿ.

ಇದಾದ ಮೇಲೆ, ಸಂಕ್ರಾಂತಿ ಹತ್ತಿರ ಬಂದಾಗ, ಇನ್ನೊಬ್ಬ ಸದಸ್ಯರ ಖಾತೆಯಿಂದ ನಲವತ್ತೆರಡು ಸಾವಿರ ರೂಪಾಯಿ ಹೋಯಿತು. ಬೆಳೆವಿಮೆಯ ಹಣ ಬಂದಿದೆ, ಇಲ್ಲಿ ಒತ್ತಿರಿ ಎಂಬ ಸಂದೇಶ ಬಂದಿತ್ತು. ಒತ್ತಿದರೆ ಸರ್ಕಾರಿ ಲಾಂಛನವಿದ್ದ ಪುಟ. ಖಾತೆ ಸಂಖ್ಯೆ ಕೇಳಿತು, ಕಾರ್ಡಿನ ಸಂಖ್ಯೆ ಕೇಳಿತು, ಕೊನೆಗೆ ಮೊಬೈಲಿಗೆ ಬಂದ ಆರು ಅಂಕಿಯನ್ನೂ ಕೇಳಿತು. ಅವರು ನಮ್ಮೆದುರು ಕುಳಿತು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಬೀಗದ ಗುರುತು ಇತ್ತು ಸಾರ್. ನೀವೇ ಹೋದ ವರ್ಷ ಸಭೆಯಲ್ಲಿ ಬೀಗ ನೋಡಿ ಒತ್ತಿ ಅಂದಿದ್ರಲ್ಲ, ನೋಡ್ಕೊಂಡೇ ಒತ್ತಿದ್ದು."

ಹೌದು, ಹೇಳಿದ್ದೆವು. ಆ ಮಾತನ್ನು ಅರ್ಧಕ್ಕೆ ನಿಲ್ಲಿಸಿದ್ದೆವು ಎಂಬುದು ಈಗ ತಿಳಿಯುತ್ತಿದೆ. ಬೀಗ ಕೆಟ್ಟಿದ್ದ ಕಡೆ ಮುಂದೆ ಹೋಗಿ ಎಂದೆವು. ಬೀಗ ಸರಿಯಾಗಿದ್ದ ಕಡೆ ಹಣ ಹೋಯಿತು. ಇದನ್ನು ಕಂಡು ಆಡಳಿತ ಮಂಡಳಿಯ ಕೆಲವು ನಿರ್ದೇಶಕರು ಈ ಜಾಲತಾಣದ ಗೊಡವೆಯೇ ಬೇಡ, ಲೆಡ್ಜರಿಗೆ ಹಿಂತಿರುಗೋಣ ಎನ್ನುತ್ತಿದ್ದಾರೆ. ಇನ್ನು ಕೆಲವರು, ಮುಖ್ಯವಾಗಿ ಮಕ್ಕಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವವರು, ಎಲ್ಲವನ್ನೂ ಮೊಬೈಲಿಗೆ ತರೋಣ ಎನ್ನುತ್ತಿದ್ದಾರೆ. ಬೀಗ ಯಾವುದನ್ನು ಕಾಯುತ್ತದೆ, ಯಾವುದನ್ನು ಕಾಯುವುದಿಲ್ಲ ಎಂಬುದನ್ನು ಎರಡು ಪಕ್ಷದವರೂ ವಿಚಾರಿಸಿದಂತಿಲ್ಲ. ಅದು ತಿಳಿಯದೆ ಸರ್ವಸದಸ್ಯರ ಸಭೆಯಲ್ಲಿ ಕೈ ಎತ್ತಿಸುವುದು ಸರಿಯಲ್ಲವೆಂದು ಇದನ್ನು ಬರೆಯುತ್ತಿದ್ದೇವೆ.

ಮುರುಗಮಲ್ಲದಂಥ ಬಯಲುಸೀಮೆಯಲ್ಲಿ ಕುಳಿತು ಕಾಫಿ ಅಡಿಕೆಯ ಮಾತಾಡುವುದನ್ನು ಕೇಳಿ ಮಲೆನಾಡಿನ ಮಿತ್ರರು ನಗುವುದುಂಟು. ನಗಲಿ. ನಮ್ಮ ಅಡಿಕೆ ಕೊಳವೆಬಾವಿಯ ಕೃಪೆಯಲ್ಲಿದೆ, ಕಾಫಿ ಅಡಿಕೆಯ ನೆರಳಿನ ಕೃಪೆಯಲ್ಲಿದೆ. ಆದರೆ ವ್ಯಾಪಾರದ ಗುಟ್ಟು ಕಾಯುವ ವಿಷಯದಲ್ಲಿ ನಮ್ಮ ಸೀಮೆ ಯಾರಿಗೂ ಕಡಿಮೆಯಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರಿಗೆ ಇದು ಗೊತ್ತು. ಸುತ್ತಲೂ ಜನ ನಿಂತಿರುತ್ತಾರೆ. ಎತ್ತಿನ ಹಲ್ಲು ನೋಡಿ, ಸುಳಿ ನೋಡಿ ಆದ ಮೇಲೆ ದಲ್ಲಾಳಿ ತನ್ನ ಟವಲನ್ನು ಮಾರುವವನ ಕೈಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಮೇಲೆ ಮುಖದಲ್ಲಿ ಏನೂ ಇಲ್ಲ. ಕೆಳಗೆ ಬೆರಳುಗಳು ಸಾವಿರ ನೂರರ ಲೆಕ್ಕ ಮಾಡುತ್ತಿರುತ್ತವೆ. ಯಾರ ಜತೆ ಯಾರು ವ್ಯಾಪಾರ ಮಾಡುತ್ತಿದ್ದಾರೆ ಎಂದು ಇಡೀ ಜಾತ್ರೆಗೆ ಕಾಣುತ್ತದೆ. ಎಷ್ಟಕ್ಕೆ ಎಂದು ಮಾತ್ರ ಯಾರಿಗೂ ಕಾಣದು.

ಎಚ್‌ಟಿಟಿಪಿಎಸ್ ಎಂಬ ಅಕ್ಷರಗಳಿಂದ ಆರಂಭವಾಗುವ ಜಾಲತಾಣದ ಸಂಪರ್ಕವೆಂದರೆ ಇದೇ ಟವಲು. ನಿಮ್ಮ ಮೊಬೈಲಿನಿಂದ ಹೊರಟ ಮಾತು ಸಂಘದ ಕಂಪ್ಯೂಟರಿಗೆ ತಲುಪುವ ಮುನ್ನ ಹತ್ತಾರು ಕೈ ದಾಟುತ್ತದೆ: ಬಸ್‌ಸ್ಟ್ಯಾಂಡಿನ ಹೋಟೆಲಿನ ವೈಫೈ, ಮೊಬೈಲ್ ಕಂಪನಿಯ ಟವರು, ಚಿಂತಾಮಣಿಯಲ್ಲೋ ಬೆಂಗಳೂರಿನಲ್ಲೋ ಇರುವ ಯಂತ್ರಗಳು, ಸಮುದ್ರದಾಚೆಯ ಯಂತ್ರಗಳು. ಈ ಟವಲಿಲ್ಲದ ಹಳೆಯ ಎಚ್‌ಟಿಟಿಪಿ ಸಂಪರ್ಕದಲ್ಲಿ ಹೋಗುವ ಮಾತು ಅಂಚೆ ಕಾರ್ಡಿನಂತೆ. ದಾರಿಯಲ್ಲಿ ಕೈಗೆ ಸಿಕ್ಕವರೆಲ್ಲ ಓದಬಹುದು, ತಿದ್ದಲೂಬಹುದು. ಓದಿದ್ದು ತಿದ್ದಿದ್ದು ನಿಮಗೆ ತಿಳಿಯುವುದೂ ಇಲ್ಲ.

ಇದು ಹೆದರಿಸುವ ಮಾತಲ್ಲ. 2010ರ ಅಕ್ಟೋಬರಿನಲ್ಲಿ ಅಮೆರಿಕದ ತರುಣನೊಬ್ಬ ಫೈರ್‌ಶೀಪ್ ಎಂಬ ಚಿಕ್ಕ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟ. ಕಾಫಿ ಅಂಗಡಿಯ ತೆರೆದ ವೈಫೈಯಲ್ಲಿ ಕುಳಿತು ಅದನ್ನು ಚಾಲೂ ಮಾಡಿದರೆ, ಪಕ್ಕದ ಮೇಜಿನವರ ಫೇಸ್‌ಬುಕ್ ಖಾತೆಗಳು ಪಟ್ಟಿಯಾಗಿ ಕಾಣುತ್ತಿದ್ದವು. ಹೆಸರು ಒತ್ತಿದರೆ ಸಾಕು, ಅವರಾಗಿ ಒಳಗೆ ಹೋಗಬಹುದಿತ್ತು. ಗುಪ್ತಪದ ಹೇಳುವಾಗ ಮಾತ್ರ ಟವಲು ಹೊದಿಸಿ, ಆಮೇಲೆ ಟವಲು ತೆಗೆದು ಮಾತಾಡುತ್ತಿದ್ದ ಜಾಲತಾಣಗಳ ಬಂಡವಾಳ ಹೀಗೆ ಬಯಲಾಯಿತು. ಅದರ ನಂತರದ ವರ್ಷಗಳಲ್ಲಿ ದೊಡ್ಡ ತಾಣಗಳು ಒಂದೊಂದಾಗಿ ಮೊದಲಿನಿಂದ ಕೊನೆಯವರೆಗೂ ಟವಲು ಹೊದ್ದವು. 2018ರ ಜುಲೈಯಿಂದ ಕ್ರೋಮ್ ಬ್ರೌಸರ್ ಟವಲಿಲ್ಲದ ಪ್ರತಿಯೊಂದು ತಾಣದ ಮೇಲೂ ಸುರಕ್ಷಿತವಲ್ಲ ಎಂಬ ಹಣೆಪಟ್ಟಿ ಹಚ್ಚತೊಡಗಿತು.

ಈಗ ಒಂದು ಪ್ರಶ್ನೆ ಏಳುತ್ತದೆ, ಅದು ಏಳಲೇಬೇಕಾದ ಪ್ರಶ್ನೆ. ಜಾತ್ರೆಯಲ್ಲಿ ಇಬ್ಬರೂ ಎದುರುಬದುರು ನಿಂತಿರುತ್ತಾರೆ, ಬೆರಳಿಗೆ ಬೆರಳು ತಾಗುತ್ತದೆ. ಮುರುಗಮಲ್ಲದ ಮೊಬೈಲಿಗೂ ಎಲ್ಲೋ ಇರುವ ಕಂಪ್ಯೂಟರಿಗೂ ಮೊದಲ ಬಾರಿಯ ಭೇಟಿ. ಗೂಢಲಿಪಿಯಲ್ಲಿ ಬರೆಯಬೇಕಾದರೆ ಇಬ್ಬರಿಗೂ ಒಂದೇ ಕೀಲಿ ಬೇಕು. ಆ ಕೀಲಿಯನ್ನು ಎಲ್ಲರೂ ಕೇಳಿಸಿಕೊಳ್ಳುತ್ತಿರುವ ದಾರಿಯಲ್ಲಿಯೇ ಹೇಗೆ ಕಳಿಸುವುದು? ಹಿಂದೆ ತಂತಿಯ ಕಾಲದಲ್ಲಿ ಕಾಫಿ ವ್ಯಾಪಾರಿಗಳು ಸಂಕೇತ ಪದಗಳ ಪುಸ್ತಕವನ್ನು ಎರಡು ಕಡೆಯೂ ಮೊದಲೇ ಇಟ್ಟುಕೊಂಡಿರುತ್ತಿದ್ದರು. ಇಲ್ಲಿ ಅಂಥ ಪುಸ್ತಕವಿಲ್ಲ.

ಇದಕ್ಕೆ ಉತ್ತರವನ್ನು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬಿಬ್ಬರು ಅಮೆರಿಕನ್ನರು ಪ್ರಕಟಿಸಿದರು. ಅದರ ಸೊಗಸನ್ನು ಕಾಗದ ಪೆನ್ಸಿಲಿನಲ್ಲಿ ನೋಡಬಹುದಾದ್ದರಿಂದ ಸದಸ್ಯರು ದಯವಿಟ್ಟು ಒಂದು ನಿಮಿಷ ಕೊಡಬೇಕು. ಕಾಲೇಜಿನಲ್ಲಿ ಗಣಿತ ಓದಿದ್ದರ ಉಪಯೋಗ ಇಷ್ಟು ವರ್ಷಕ್ಕೆ ಒಂದು ಸಲವಾದರೂ ಬರಲಿ. 5 ಮತ್ತು 23 ಎಂಬ ಎರಡು ಸಂಖ್ಯೆಗಳನ್ನು ಎಲ್ಲರೆದುರು ಕೂಗಿ ಹೇಳಿ. ಬೆಳೆಗಾರ ತನ್ನ ಮನಸ್ಸಿನಲ್ಲಿ 3 ಎಂಬ ಗುಟ್ಟಿನ ಸಂಖ್ಯೆ ಇಟ್ಟುಕೊಳ್ಳಲಿ, ಸಂಘ 7 ಎಂದು ಇಟ್ಟುಕೊಳ್ಳಲಿ. ಬೆಳೆಗಾರ 5ನ್ನು ಮೂರು ಸಲ ಗುಣಿಸಿದರೆ 125. ಅದನ್ನು 23ರಿಂದ ಭಾಗಿಸಿದರೆ ಉಳಿಯುವುದು 10. ಹತ್ತು ಎಂದು ಕೂಗುತ್ತಾನೆ. ಸಂಘ 5ನ್ನು ಏಳು ಸಲ ಗುಣಿಸಿದರೆ 78,125. ಭಾಗಿಸಿ ಉಳಿದದ್ದು 17. ಹದಿನೇಳು ಎಂದು ಕೂಗುತ್ತದೆ. ಈಗ ಬೆಳೆಗಾರ ಆ 17ನ್ನು ತನ್ನ ಗುಟ್ಟಿನಂತೆ ಮೂರು ಸಲ ಗುಣಿಸಿ 4,913 ಪಡೆದು 23ರಿಂದ ಭಾಗಿಸಿದರೆ ಉಳಿಯುವುದು 14. ಸಂಘ 10ನ್ನು ಏಳು ಸಲ ಗುಣಿಸಿ ಒಂದು ಕೋಟಿ ಪಡೆದು ಭಾಗಿಸಿದರೆ ಉಳಿಯುವುದೂ 14. ಹದಿನಾಲ್ಕನ್ನು ಯಾರೂ ಕೂಗಲಿಲ್ಲ. ಇಬ್ಬರ ಬಳಿಯೂ ಅದೇ ಇದೆ. ಸಂತೆಯಲ್ಲಿ ನಿಂತು ಕೇಳಿದವನ ಬಳಿ 5, 23, 10, 17 ಇವೆ. 14 ಇಲ್ಲ.

ಇಷ್ಟು ಚಿಕ್ಕ ಸಂಖ್ಯೆಗಳಾದರೆ ಕೇಳಿದವನು ಸಂಜೆಯೊಳಗೆ ಲೆಕ್ಕ ಹಿಂದಕ್ಕೆ ಬಿಡಿಸಿಯಾನು. ನಿಜವಾದ ಬಳಕೆಯಲ್ಲಿ 23ರ ಜಾಗದಲ್ಲಿ ಆರುನೂರಕ್ಕೂ ಹೆಚ್ಚು ಅಂಕಿಗಳ ಸಂಖ್ಯೆ ಇರುತ್ತದೆ, ಇಲ್ಲವೇ ಇದರ ತಮ್ಮನಂಥ ಇನ್ನೊಂದು ಲೆಕ್ಕವಿರುತ್ತದೆ. ಹೀಗೆ ಒಪ್ಪಿದ ಕೀಲಿಯಿಂದ ಮುಂದಿನ ಮಾತೆಲ್ಲ ಕಲಸುಮೇಲೋಗರವಾಗಿ ಹೋಗುತ್ತದೆ. ಸಾಮಾನ್ಯ ಬಳಕೆಯ ಕೀಲಿಗಳೆಷ್ಟು ಸಾಧ್ಯವೆಂದರೆ 34ರ ಮುಂದೆ 37 ಸೊನ್ನೆ ಬರೆದಷ್ಟು. ಒಂದೊಂದಾಗಿ ಪ್ರಯತ್ನಿಸಿ ತೆರೆಯುತ್ತೇನೆ ಎನ್ನುವವನಿಗೆ ಸೂರ್ಯ ಆರುವವರೆಗೂ ಸಮಯ ಸಾಲದು. ನೆಟ್‌ಸ್ಕೇಪ್ ಎಂಬ ಕಂಪನಿ 1990ರ ದಶಕದ ನಡುವಿನಲ್ಲಿ ಈ ವ್ಯವಸ್ಥೆಯನ್ನು ಎಸ್‌ಎಸ್‌ಎಲ್ ಎಂಬ ಹೆಸರಿನಲ್ಲಿ ತಂದಿತು. 1999ರಲ್ಲಿ ಅದಕ್ಕೆ ಟಿಎಲ್‌ಎಸ್ ಎಂದು ಹೆಸರಾಯಿತು. 2018ರಲ್ಲಿ ಅದರ 1.3ನೆಯ ಆವೃತ್ತಿ ಬಂತು. ನಡುವೆ ತೂತುಗಳು ಕಂಡವು, ತೇಪೆ ಹಾಕಿದರು. 2014ರ ಏಪ್ರಿಲಿನ ಹಾರ್ಟ್‌ಬ್ಲೀಡ್ ಎಂಬುದು ಅವುಗಳಲ್ಲಿ ದೊಡ್ಡದು. ಒಟ್ಟಿನಲ್ಲಿ ದಾರಿಯ ಮಟ್ಟಿಗೆ ಈ ಬೀಗ ಗಟ್ಟಿಯಾದದ್ದು ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಲೆಡ್ಜರಿಗೆ ಹಿಂತಿರುಗೋಣ ಎನ್ನುವ ನಿರ್ದೇಶಕ ಮಿತ್ರರು ಇದನ್ನು ಗಮನಿಸಬೇಕು. ಸಂಘದಿಂದ ಬ್ಯಾಂಕಿಗೆ ಸೈಕಲ್ಲಿನಲ್ಲಿ ಹೋಗುವ ರಟ್ಟಿನ ಫೈಲಿಗಿಂತ ಈ ದಾರಿ ಎಷ್ಟೋ ಭದ್ರ.

ನಮ್ಮ ಬೆಳೆಗೂ ಇದರ ಉಪಕಾರ ತಟ್ಟಿದೆ. 2014ರಲ್ಲಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳು ಎಂಬ ಸಂಸ್ಥೆ ಹುಟ್ಟಿದ ಮೇಲೆ ನಮ್ಮ ರಾಜ್ಯದ ಎಪಿಎಂಸಿಗಳಲ್ಲಿ ಅಡಿಕೆಯ ಲಾಟಿಗೆ ವ್ಯಾಪಾರಿಗಳು ಕಂಪ್ಯೂಟರಿನಲ್ಲಿ ಬೆಲೆ ಬರೆಯುವ ಪದ್ಧತಿ ಬಂತು. ಒಬ್ಬ ಬರೆದ ಬೆಲೆ ಇನ್ನೊಬ್ಬನಿಗೆ ಮೊದಲೇ ಸಿಕ್ಕಿದರೆ ಅದು ಟೆಂಡರ್ ಅಲ್ಲ, ನಾಟಕ. ದಾರಿಯಲ್ಲಿ ಗುಟ್ಟು ಉಳಿದರೆ ಬೆಳೆಗಾರನಿಗೆ ಕ್ವಿಂಟಾಲಿಗೆ ನಾಲ್ಕು ಕಾಸು ಹೆಚ್ಚು.

ಇಷ್ಟು ಹೊಗಳಿದ ಮೇಲೆ ನಮ್ಮ ತಲೆಬರಹದ ಪ್ರಶ್ನೆಗೆ ಬರಬೇಕು. ಟವಲಿನ ಕೆಳಗೆ ಬೆರಳು ಹಿಡಿದಿದ್ದೀರಿ, ಸರಿ. ಆ ಕೈ ಯಾರದು? ಮೇಲೆ ಹೇಳಿದ ಗುಣಾಕಾರದ ಆಟವನ್ನು ಸಂಘದ ಹೆಸರು ಹೇಳಿಕೊಂಡು ಕಳ್ಳನೂ ಆಡಬಹುದು. ನೀವು ಅವನೊಡನೆ ಗುಟ್ಟು ಹಂಚಿಕೊಂಡಿರುತ್ತೀರಿ, ಪರಮ ಗೋಪ್ಯವಾಗಿ. ಇದನ್ನು ತಡೆಯಲೆಂದೇ ಪ್ರಮಾಣಪತ್ರ ಇರುವುದು. ಇಂಥ ಹೆಸರಿನ ಜಾಲತಾಣದ ಕೀಲಿ ಇದೇ ಎಂದು ಒಬ್ಬ ಪ್ರಾಧಿಕಾರಿ ಸಹಿ ಮಾಡಿರುತ್ತಾನೆ. ಅವನ ಸಹಿಗೆ ಮೇಲಿನವನ ಸಹಿ. ಕೊನೆಯ ಮೂಲ ಸಹಿಗಳ ಪಟ್ಟಿ ನಿಮ್ಮ ಮೊಬೈಲು ಅಂಗಡಿಯಿಂದ ಬರುವಾಗಲೇ ಅದರ ಹೊಟ್ಟೆಯಲ್ಲಿರುತ್ತದೆ. ಬ್ರೌಸರ್ ಪ್ರತಿ ಸಲವೂ ಹೆಸರು ಸರಿಯೇ, ದಿನಾಂಕ ಮೀರಿಲ್ಲವೇ, ಸಹಿ ನಿಜವೇ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ನೋಡುತ್ತದೆ. ಯಾವುದಾದರೂ ತಪ್ಪಿದರೆ ಆ ಕೆಂಪು ಎಚ್ಚರಿಕೆ ಬರುತ್ತದೆ.

ಸಹಿ ಹಾಕುವವರೂ ಮನುಷ್ಯರೇ. 2011ರಲ್ಲಿ ನೆದರ್‌ಲೆಂಡ್ಸಿನ ಡಿಜಿನೋಟಾರ್ ಎಂಬ ಪ್ರಾಧಿಕಾರದೊಳಗೆ ಕಳ್ಳರು ನುಗ್ಗಿ ಗೂಗಲಿನ ಹೆಸರಿನಲ್ಲಿ ಸುಳ್ಳು ಪತ್ರ ಬರೆಸಿಕೊಂಡರು. ಇರಾನಿನ ಜನರ ಪತ್ರವ್ಯವಹಾರ ಬಯಲಿಗೆ ಬಿತ್ತು, ಆ ಕಂಪನಿ ಅದೇ ವರ್ಷ ದಿವಾಳಿಯಾಯಿತು. ಪರದೇಶದ ಮಾತೇಕೆ? 2014ರ ಜುಲೈಯಲ್ಲಿ ನಮ್ಮ ದೇಶದ ರಾಷ್ಟ್ರೀಯ ಮಾಹಿತಿ ಕೇಂದ್ರದ ಪ್ರಾಧಿಕಾರದಿಂದಲೇ ಗೂಗಲ್ ಹೆಸರಿನ ಅನಧಿಕೃತ ಪತ್ರಗಳು ಹೊರಟಿದ್ದು ಪತ್ತೆಯಾಗಿ, ಅವನ್ನು ರದ್ದು ಮಾಡಬೇಕಾಯಿತು. ಇಂಥವುಗಳಿಂದ ಪಾಠ ಕಲಿತು ಈಗ ಹೊರಡುವ ಪ್ರತಿಯೊಂದು ಪತ್ರವನ್ನೂ ಎಲ್ಲರೂ ನೋಡಬಹುದಾದ ವಹಿಯಲ್ಲಿ ಬರೆಯಬೇಕು, ಇಲ್ಲದಿದ್ದರೆ ಕ್ರೋಮ್ ಒಪ್ಪುವುದಿಲ್ಲ. 2018ರಿಂದ ಇದು ಕಡ್ಡಾಯ. ಚಾವಡಿಯ ಗೋಡೆಗೆ ನೋಟೀಸು ಹಚ್ಚಿದ ಹಾಗೆ.

ಆದ್ದರಿಂದ ನಮ್ಮ ಗುಮಾಸ್ತರು ಒತ್ತಿ ಎಂದದ್ದು ಸಣ್ಣ ತಪ್ಪಲ್ಲ. ಅಂದು ಮುಗಿದದ್ದು ಬರೀ ದಿನಾಂಕ, ದಾರಿಯಲ್ಲಿ ಯಾವ ಕಳ್ಳನೂ ಇರಲಿಲ್ಲ ಎಂಬುದು ನಿಜ. ಆದರೆ ಮುರುಗಮಲ್ಲದ ಆ ಹಿರಿಯರು ಕೆಂಪು ಕಂಡು ನಿಂತದ್ದು ಸರಿಯಾದ ಬುದ್ಧಿ. ಇಡೀ ವ್ಯವಸ್ಥೆಯಲ್ಲಿ ಅಂದು ಸರಿಯಾಗಿ ನಡೆದುಕೊಂಡವರು ಅವರೊಬ್ಬರೇ. ನಾವು ಆ ಬುದ್ಧಿಯನ್ನು ಕೆಡಿಸಿ ಕಳಿಸಿದೆವು. ಮುಂದೆ ನಿಜವಾದ ಕಳ್ಳ ನಡುವೆ ಕುಳಿತಾಗಲೂ ಅವರು ಅಡ್ವಾನ್ಸ್‌ಡ್ ಒತ್ತಿಯಾರು, ಸಂಘದವರೇ ಹೇಳಿಕೊಟ್ಟಿದ್ದಾರಲ್ಲ ಎಂದು. ಅವರ ಮನೆಗೆ ಹೋಗಿ ಇದನ್ನು ತಿಳಿಸಿ ಬಂದಿದ್ದೇವೆ. ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿಯೂ ಬಂದಿದ್ದೇವೆ. ಎಚ್ಚರಿಕೆ ಕನ್ನಡದಲ್ಲಿಯೂ ಬರುತ್ತದೆ ಎಂಬುದು ನಮಗೇ ಅಂದಿನವರೆಗೆ ತಿಳಿದಿರಲಿಲ್ಲ.

ಇನ್ನು ನಲವತ್ತೆರಡು ಸಾವಿರದ ಪ್ರಸಂಗ. ಅಲ್ಲಿ ಬೀಗ ನಿಜವಾದದ್ದೇ. ಪ್ರಮಾಣಪತ್ರವೂ ನಿಜವಾದದ್ದೇ. ಅದು ಹೇಳುವುದು ಇಷ್ಟೇ: ವಿಳಾಸದ ಪಟ್ಟಿಯಲ್ಲಿ ಬರೆದಿರುವ ಹೆಸರಿನವನೊಡನೆಯೇ ನೀವು ಮಾತಾಡುತ್ತಿದ್ದೀರಿ. ಆ ಹೆಸರಿನವನು ಸಂಭಾವಿತನೇ ಎಂದು ಅದು ಹೇಳುವುದಿಲ್ಲ. 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಪ್ರಮಾಣಪತ್ರಗಳನ್ನು ಯಾರು ಕೇಳಿದರೂ ಬಿಟ್ಟಿಯಾಗಿ ಕೊಡುತ್ತದೆ. ಅದರಿಂದ ನಮ್ಮಂಥ ಬಡ ಸಂಘಗಳಿಗೆ ಮಹೋಪಕಾರವಾಗಿದೆ, ಕಳ್ಳರಿಗೂ ಆಗಿದೆ. ಜನ ಬೀಗವನ್ನು ಸಜ್ಜನಿಕೆಯ ಮುದ್ರೆಯೆಂದು ತಿಳಿಯುತ್ತಿದ್ದಾರೆ ಎಂಬುದನ್ನು ಕಂಡು ಗೂಗಲಿನವರು 2023ರ ಸೆಪ್ಟೆಂಬರಿನಲ್ಲಿ ಕ್ರೋಮಿನ ವಿಳಾಸಪಟ್ಟಿಯಿಂದ ಬೀಗದ ಚಿತ್ರವನ್ನೇ ತೆಗೆದರು. ನಮ್ಮ ಸಭೆಯಲ್ಲಿ ಬೀಗ ನೋಡಿ ಎಂದು ಉಪದೇಶಿಸಿದಾಗ ಆ ಸುದ್ದಿಯೂ ನಮಗೆ ಮುಟ್ಟಿರಲಿಲ್ಲ.

ಹಾಗಾದರೆ ನೋಡಬೇಕಾದದ್ದು ಏನನ್ನು? ಹೆಸರನ್ನು. ಅಕ್ಷರ ಅಕ್ಷರವಾಗಿ, ಬಲತುದಿಯಿಂದ. ಸರ್ಕಾರದ್ದಾದರೆ ಕೊನೆಯಲ್ಲಿ ಡಾಟ್ ಜಿಒವಿ ಡಾಟ್ ಇನ್ ಅಥವಾ ಡಾಟ್ ಎನ್‌ಐಸಿ ಡಾಟ್ ಇನ್ ಎಂದಿರುವುದೇ ವಾಡಿಕೆ. ಬ್ಯಾಂಕುಗಳಾದರೆ, ಸಹಕಾರಿ ಬ್ಯಾಂಕುಗಳೂ ಸೇರಿ, ಡಾಟ್ ಬ್ಯಾಂಕ್ ಡಾಟ್ ಇನ್ ಎಂಬ ಕೊನೆಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಹಾಕಿತ್ತು. ಆ ಹೆಸರನ್ನು ಬ್ಯಾಂಕಲ್ಲದವರಿಗೆ ಕೊಡುವುದಿಲ್ಲ. ನಮ್ಮ ಸಂಘ ಬ್ಯಾಂಕ್ ಅಲ್ಲ, ಆದ್ದರಿಂದ ನಮಗೂ ಸಿಗುವುದಿಲ್ಲ. ನಮ್ಮ ವಿಳಾಸವನ್ನು ಪಾಸ್‌ಪುಸ್ತಕದ ರಕ್ಷಾಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಮುದ್ರಿಸುವುದೊಂದೇ ಸದ್ಯದ ಉಪಾಯ.

ದಾರಿ ಭದ್ರವಾದಾಗ ಕಳ್ಳ ಸುಮ್ಮನೆ ಕೂರುವುದಿಲ್ಲ, ದಾರಿಯ ಎರಡು ತುದಿಗಳಿಗೆ ಹೋಗುತ್ತಾನೆ. ಒಂದು ತುದಿ ಸದಸ್ಯರ ಮೊಬೈಲು, ಇನ್ನೊಂದು ತುದಿ ಕಚೇರಿ. ಈ ಎರಡನೆಯ ತುದಿಯ ಬಗ್ಗೆ ನಮ್ಮ ರಾಜ್ಯ 2023ರಲ್ಲಿ ಕಲಿತ ಪಾಠವನ್ನು ಸಹಕಾರ ಸಂಘಗಳು ಇನ್ನೂ ಕಲಿತಂತೆ ಕಾಣುವುದಿಲ್ಲ. ಆ ವರ್ಷ ಬೆಂಗಳೂರು, ಮಂಗಳೂರು ಮೊದಲಾದ ಕಡೆ ಜನರ ಖಾತೆಗಳಿಂದ, ಯಾವ ಒಟಿಪಿಯೂ ಬಾರದೆ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ಹೋಗತೊಡಗಿತು. ಈ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಹಣ ತೆಗೆಯಬಹುದು. ಹಳ್ಳಿಯವರಿಗೆ ಅನುಕೂಲವಾಗಲೆಂದು ಮಾಡಿದ್ದು. ಹಣ ಕಳೆದುಕೊಂಡ ಹಲವರು ಸ್ವಲ್ಪ ಹಿಂದಷ್ಟೇ ಉಪನೋಂದಣಿ ಕಚೇರಿಯಲ್ಲಿ ಪತ್ರ ರಿಜಿಸ್ಟರ್ ಮಾಡಿಸಿದ್ದರು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಕ್ರಯಪತ್ರಗಳ ಪ್ರತಿ ಪಡೆದು, ಅವುಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಸಂಖ್ಯೆ ಜೋಡಿಸಿ ಹಣ ತೆಗೆದಿದ್ದಾರೆಂದು ಪೊಲೀಸರು ಹೇಳಿದರು. ಮಂಗಳೂರಿನ ಪೊಲೀಸರು ಬಿಹಾರದ ಮೂವರನ್ನು ಹಿಡಿದರು. ಆ ಬಳಿಕ ಇಲಾಖೆ ಪ್ರತಿಗಳಲ್ಲಿ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಮರೆಮಾಡುವ ಕ್ರಮ ಕೈಗೊಂಡಿತು.

ಇದರಲ್ಲಿ ದಾರಿಯಲ್ಲಿ ಕದ್ದದ್ದು ಏನಿದೆ? ಏನೂ ಇಲ್ಲ. ಕಳ್ಳರ ಕಂಪ್ಯೂಟರಿನವರೆಗೂ ಆ ಕ್ರಯಪತ್ರಗಳನ್ನು ಬೀಗ ಭದ್ರವಾಗಿಯೇ ಮುಟ್ಟಿಸಿರುತ್ತದೆ. ದಾರಿಯಲ್ಲಿ ಬೇರೆ ಕಳ್ಳ ಅದನ್ನು ಕದಿಯದಂತೆ ನೋಡಿಕೊಂಡಿರುತ್ತದೆ. ಬೇಕಿಲ್ಲದ ಗುಟ್ಟೊಂದು ಕಾಗದದ ಮೇಲೆ ಉಳಿದಿತ್ತು, ಆ ಕಾಗದ ಕೇಳಿದವರಿಗೆ ಸಿಗುತ್ತಿತ್ತು, ಅಷ್ಟೇ. ಹೆಬ್ಬೆಟ್ಟು ಒಮ್ಮೆ ಹೋದರೆ ಗುಪ್ತಪದದಂತೆ ಬದಲಿಸಿಕೊಳ್ಳಲೂ ಆಗುವುದಿಲ್ಲ.

ಈಗ ಸದಸ್ಯರು ನಮ್ಮ ಕಚೇರಿಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಹಿಂಬದಿಯ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಅದರ ಕೀಲಿ ಗಡಿಯಾರದ ಹಿಂದೆ ಇರುತ್ತದೆಂದು ಕಚೇರಿಗೆ ಚಹಾ ತರುವ ಹುಡುಗನಿಗೂ ಗೊತ್ತು. ಅದರೊಳಗೆ ಹತ್ತು ವರ್ಷಗಳ ಸಾಲದ ಅರ್ಜಿಗಳಿವೆ. ಪ್ರತಿಯೊಂದರ ಜತೆಗೂ ಪಹಣಿ, ಎಫ್‌ಐಡಿ ಸಂಖ್ಯೆ, ಪಾಸ್‌ಪುಸ್ತಕದ ಮೊದಲ ಪುಟ, ಆಧಾರ್ ಕಾರ್ಡಿನ ಜೆರಾಕ್ಸ್. ಅರ್ಜಿಯ ಕೆಳಗೆ, ಸಹಿ ಬಾರದವರದ್ದಾದರೆ, ಶಾಯಿ ತುಂಬಿದ ಸ್ಪಷ್ಟ ಹೆಬ್ಬೆಟ್ಟು. ಕಾವೇರಿಯ ಕಳ್ಳರು ಎರಡು ಮೂರು ಕಡೆ ಹುಡುಕಿ ಜೋಡಿಸಿದ್ದನ್ನು ನಾವು ಒಂದೇ ದಾರದಲ್ಲಿ ಪೋಣಿಸಿ ಇಟ್ಟಿದ್ದೇವೆ. ಕಂಪ್ಯೂಟರಿನ ಗುಪ್ತಪದ ಪರದೆಯ ಪಕ್ಕದಲ್ಲಿ ರಟ್ಟಿನ ಚೂರಿನ ಮೇಲಿದೆ. ಸದಸ್ಯರ ಪಟ್ಟಿ ಪೆನ್‌ಡ್ರೈವಿನಲ್ಲಿ ಮುದ್ರಣಾಲಯಕ್ಕೆ ಹೋಗಿ, ಮರಳಿ ಬಂತೋ ಇಲ್ಲವೋ ನೆನಪಿಲ್ಲ. ಹೀಗಿರುವಾಗ ಜಾಲತಾಣ ಬೇಕೇ ಬೇಡವೇ ಎಂದು ಮಂಡಳಿಯಲ್ಲಿ ಎರಡು ಗಂಟೆ ವಾದ ನಡೆಯಿತು. ಬೀರುವಿನ ಮಾತನ್ನು ಯಾರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಜಾಲತಾಣ ಇರಲಿ. ಮುರುಗಮಲ್ಲದಿಂದ ಬಾಕಿ ಕೇಳಲು ಬಸ್ಸಿನಲ್ಲಿ ಬರುವವರ ಅರ್ಧ ದಿನದ ಕೂಲಿ ಉಳಿಯುತ್ತದೆ, ಅದು ಸಣ್ಣದಲ್ಲ. ಆದರೆ ಅದರಲ್ಲಿ ಬಾಕಿ ತೋರಿಸುವುದಷ್ಟೇ ಇರಲಿ. ಆಧಾರ್ ಪ್ರತಿ, ಪಹಣಿ, ಬೆರಳಚ್ಚು ಯಾವುದನ್ನೂ ಅದರಲ್ಲಿ ಕೇಳುವುದು ಬೇಡ, ಇಡುವುದೂ ಬೇಡ. ನಮ್ಮಲ್ಲಿಲ್ಲದ್ದನ್ನು ನಮ್ಮಿಂದ ಕದಿಯಲಾಗದು. ಹಳೆಯ ಅರ್ಜಿಗಳಲ್ಲಿ ಸಾಲ ತೀರಿ, ಲೆಕ್ಕಪರಿಶೋಧನೆ ಮುಗಿದು, ನಿಯಮದಂತೆ ಇಡಬೇಕಾದ ಅವಧಿಯೂ ಕಳೆದವುಗಳ ಆಧಾರ್ ಪ್ರತಿಗಳನ್ನು ಇಬ್ಬರು ನಿರ್ದೇಶಕರ ಸಮ್ಮುಖದಲ್ಲಿ ಸುಡಬೇಕು. ಉಳಿದವುಗಳಲ್ಲಿ ಮೊದಲ ಎಂಟು ಅಂಕಿಗಳನ್ನು ಕಪ್ಪು ಶಾಯಿಯಿಂದ ಅಳಿಸಬೇಕು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಡಿದ ಆಧಾರ್ ಪ್ರತಿಯನ್ನು ಆಧಾರ್ ಪ್ರಾಧಿಕಾರವೇ ಕೊಡುತ್ತದೆ, ಮುಂದೆ ಅದನ್ನೇ ಪಡೆದರಾಯಿತು. ಪ್ರಮಾಣಪತ್ರದ ನವೀಕರಣವನ್ನು ನಮ್ಮ ಮರೆವಿಗೆ ಬಿಡದೆ ತಾನಾಗಿ ಆಗುವಂತೆ ಮಾಡಿಸಬೇಕು. ಇದು ಇನ್ನು ಮುಂದೆ ಅನಿವಾರ್ಯವೂ ಹೌದು. ಈ ಪತ್ರಗಳ ಗರಿಷ್ಠ ಅವಧಿಯನ್ನು 398 ದಿನಗಳಿಂದ 2026ರ ಮಾರ್ಚಿಗೆ 200 ದಿನಕ್ಕೂ, 2029ರ ಮಾರ್ಚಿಗೆ 47 ದಿನಕ್ಕೂ ಇಳಿಸುವುದೆಂದು ನಿರ್ಣಯವಾಗಿದೆ. ನಲವತ್ತೇಳು ದಿನಕ್ಕೊಮ್ಮೆ ಕಾರ್ಯದರ್ಶಿಯ ನೆನಪನ್ನು ನಂಬುವುದು ಮಳೆಯನ್ನು ನಂಬಿದಂತೆ.

ಸಂಘ ಎಂದೂ ಯಾವ ಸದಸ್ಯರಿಗೂ ಒತ್ತುವ ಕೊಂಡಿಯನ್ನು ಸಂದೇಶದಲ್ಲಿ ಕಳಿಸುವುದಿಲ್ಲ ಎಂಬ ನಿರ್ಣಯವೂ ಬೇಕು. ಆಗ ಸಂಘದ ಹೆಸರಿನಲ್ಲಿ ಕೊಂಡಿ ಬಂದರೆ ಅದು ಸುಳ್ಳೆಂದು ಓದಲು ಬಾರದವರಿಗೂ ತಿಳಿಯುತ್ತದೆ. ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ದೂರವಾಣಿ ಮಾಡಬೇಕೆಂಬುದನ್ನು ಗೋಡೆಯ ಮೇಲೆ ಬರೆಸುತ್ತೇವೆ. ನಮ್ಮ ಆ ಸದಸ್ಯರು ನಾಚಿಕೆಯಿಂದ ಮೂರು ದಿನ ಯಾರಿಗೂ ಹೇಳಿರಲಿಲ್ಲ, ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ಹಾರಿ ಹೋಗಿತ್ತು. ಆಧಾರ್ ಪ್ರಾಧಿಕಾರದ ಮೊಬೈಲ್ ಆಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ. ಬೇಕಾದವರಿಗೆ ಕಚೇರಿಯಲ್ಲಿ ಮಾಡಿಕೊಡುತ್ತೇವೆ. ಆದರೆ ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟು ಅಕ್ಕಿ ತರುವವರು ಅಲ್ಲಿಗೆ ಹೋಗುವ ಮುನ್ನ ಆ ಬೀಗ ತೆಗೆಯಲು ಮರೆಯಬಾರದು. ಮರೆತು ಬರಿಗೈಯಲ್ಲಿ ಬಂದರೆ ಮನೆಯವರಿಂದ ಬೈಗುಳ ಕೇಳಬೇಕಾದೀತು. ಒಬ್ಬ ನಿರ್ದೇಶಕರಿಗೆ ಈಗಾಗಲೇ ಹಾಗಾಗಿದೆ.

ಈ ಪ್ರಸ್ತಾಪಗಳು ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಬರಲಿವೆ. ಬೀರುವಿನ ಕೀಲಿಯನ್ನು ಗಡಿಯಾರದ ಹಿಂದಿನಿಂದ ತೆಗೆಯುವ ಕೆಲಸಕ್ಕೆ ಸಭೆಯ ಒಪ್ಪಿಗೆ ಬೇಕಿಲ್ಲವಾದ್ದರಿಂದ ಅದನ್ನು ಈ ಲೇಖನ ಬರೆಯಲು ಕುಳಿತ ದಿನವೇ ಮಾಡಿದ್ದೇವೆ. ಭಿನ್ನಾಭಿಪ್ರಾಯ ಇರುವವರು ಸಭೆಗೆ ಮುಂಚೆ ಬರಹದಲ್ಲಿ ತಿಳಿಸಬೇಕಾಗಿ ಕೋರುತ್ತೇವೆ. ಅಂಚೆಯಲ್ಲಿ ಕಳಿಸಬಹುದು, ಕಚೇರಿಗೆ ತಂದು ಕೊಡಬಹುದು, ವಾಟ್ಸಾಪಿನಲ್ಲಿ ಕಳಿಸಿದರೂ ಆದೀತು. ಜತೆಗೆ ಆಧಾರ್ ಪ್ರತಿ ಲಗತ್ತಿಸುವ ಅಗತ್ಯವಿಲ್ಲ.